ಗೋಲಗುಮ್ಮಟದ ಪಿಸುಮಾತು ಮತ್ತು ಬೆಳಕಿನ ಗೋದಾಮು

(ಮೌದಾದ ಕನ್ನಡಿಗರ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಫಲಕದ ಮೇಲೆ ಓದಿದವರು ಕೆಲವರು ನನ್ನನ್ನು ವಿಚಾರಿಸಿದರು: 'ಮೆಟ್ರಿಕ್ ಪಾಸಾದ ಗಿರಣಿಯ ಗುಮಾಸ್ತನಿಗೆ ಬೆಳಕಿನ ವಿಜ್ಞಾನದ ಗೊಡವೆ ಏಕೆ?' ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಸರಳವಾಗಿದೆ. ನಾನು ಹೇಳಹೊರಟದ್ದು ಕಟ್ಟಕಡೆಗೆ ಒಂದು ಲೆಕ್ಕದ ಸಂಗತಿ. ಕೂಡಿಸುವುದು, ದೊಡ್ಡದನ್ನು ಹುಡುಕುವುದು, ಭಾಗಿಸುವುದು, ಇಷ್ಟೇ ಅದರ ಹೂರಣ. ಎಲ್ಲಿಂದ ಎಲ್ಲಿಯವರೆಗೆ ಕೂಡಿಸಬೇಕು ಎಂಬಲ್ಲಿ ಮಾತ್ರ ದೊಡ್ಡ ದೊಡ್ಡ ವಿದ್ವಾಂಸರೂ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ದಿನವೂ ಶಿಲ್ಕು ತಾಳೆ ನೋಡುವ ನಮ್ಮಂಥವರಿಗೆ ಆ ತಾಪತ್ರಯ ಅಪರಿಚಿತವಲ್ಲ.

ವಿಷಯದ ಹೆಸರು ಇಂಗ್ಲಿಷಿನಲ್ಲಿ 'ಮೋಡ್ ವಾಲ್ಯೂಮ್'. ಬೆಳಕು ಒಂದು ಚಿಕ್ಕ ಜಾಗದಲ್ಲಿ ಸಿಕ್ಕಿಕೊಂಡು ನೆಲೆನಿಂತು ಕಂಪಿಸುವ ಒಂದೊಂದು ರೀತಿಗೆ 'ಮೋಡ್' ಎನ್ನುತ್ತಾರೆ. ಆ ಬೆಳಕು ನಿಜವಾಗಿ ಎಷ್ಟು ಜಾಗ ಹಿಡಿದಿದೆ ಎಂಬ ಅಳತೆಯೇ ಮೋಡ್ ವಾಲ್ಯೂಮ್. ಈ ಹೊತ್ತಿನ ಮಟ್ಟಿಗೆ ಇದನ್ನು ನಾವು 'ನೆಲೆಗಾತ್ರ' ಎಂದು ಕರೆಯೋಣ. ಇದನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕುವ ಬಗೆ ಹೇಗೆ, ಎಲ್ಲೆಲ್ಲಿ ಆ ಲೆಕ್ಕ ತಪ್ಪುತ್ತದೆ ಎಂಬುದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ವಿಜಾಪುರಕ್ಕೆ ಹೋಗೋಣ. ಈಗ ಆ ಊರಿಗೆ ವಿಜಯಪುರವೆಂಬ ಹೆಸರಿದೆ. ನಮ್ಮಲ್ಲಿ ಆ ಸೀಮೆಯಿಂದ ಬಂದವರು ಹಲವರಿದ್ದೀರಿ. ಗೋಲಗುಮ್ಮಟವನ್ನು ಹತ್ತಿ ಇಳಿದವರು ಇನ್ನೂ ಹೆಚ್ಚು. ಮಹಮ್ಮದ್ ಆದಿಲಶಹನ ಸಮಾಧಿ ಅದು. ೧೬೫೬ರ ಹೊತ್ತಿಗೆ ಆದ ಕಟ್ಟಡ. ಗುಮ್ಮಟದ ಒಳವ್ಯಾಸ ಸುಮಾರು ೧೨೪ ಅಡಿ. ಅದರ ಬುಡದಲ್ಲಿ ಒಳಗಡೆ ಸುತ್ತಲೂ ಒಂದು ಮೊಗಸಾಲೆಯಿದೆ. ಅಲ್ಲಿ ಗೋಡೆಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದರೆ, ಒಂದು ಕಾಗದವನ್ನು ಹರಿದರೆ, ಎದುರು ದಿಕ್ಕಿನ ಗೋಡೆಗೆ ಕಿವಿಗೊಟ್ಟವನಿಗೆ ಅದು ಸ್ಪಷ್ಟವಾಗಿ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಹಲವು ಸಲ ಪ್ರತಿಧ್ವನಿ ಬರುವುದೂ ಅಲ್ಲಿಯೇ. ಆದರೆ ಅದು ಬೇರೆ ಸಂಗತಿ. ಪ್ರತಿಧ್ವನಿಯಲ್ಲಿ ಶಬ್ದ ಎದುರು ಗೋಡೆಗೆ ಹೊಡೆದು ಮರಳುತ್ತದೆ. ಪಿಸುಮಾತಿನಲ್ಲಿ ಹಾಗಲ್ಲ, ಅದು ಗೋಡೆಯನ್ನು ಸವರಿಕೊಂಡು, ಬಳಸುದಾರಿಯಲ್ಲಿ, ಬಾಗಿದ ಗೋಡೆಗೆ ಅಂಟಿಕೊಂಡಂತೆ ಸಾಗುತ್ತದೆ.

ಇದರ ಕಾರಣವನ್ನು ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟವನ್ನು ಆಧಾರವಾಗಿಟ್ಟುಕೊಂಡು ವಿವರಿಸಿದವರು ಲಾರ್ಡ್ ರೇಲೆ. ಬಯಲಿನಲ್ಲಿ ಕೂಗಿದ ಧ್ವನಿ ಎಲ್ಲ ದಿಕ್ಕಿಗೂ ಹರಡಿ ಬೇಗನೆ ತೆಳುವಾಗುತ್ತದೆ. ಗೋಡೆಯನ್ನು ಹಿಡಿದು ಹೊರಟ ಧ್ವನಿ ಒಂದು ತೆಳುವಾದ ಪಟ್ಟಿಯೊಳಗೇ ಉಳಿಯುವುದರಿಂದ ಅಷ್ಟು ಬೇಗ ಸೊರಗುವುದಿಲ್ಲ. ೧೯೧೦ರಲ್ಲಿ ಅವರು ಇದರ ಪೂರ್ಣ ಗಣಿತವನ್ನೂ ಪ್ರಕಟಿಸಿದರು.

ಈ ಸೇಂಟ್ ಪಾಲ್ ಗುಮ್ಮಟಕ್ಕೆ ೧೯೨೧ರಲ್ಲಿ ನಮ್ಮವರೊಬ್ಬರು ಹೋದರು, ಸರ್ ಸಿ. ವಿ. ರಾಮನ್. ಅವರ ಹೆಸರನ್ನು ಇಲ್ಲಿ ಎತ್ತಲು ನನಗೆ ಎರಡು ಕಾರಣಗಳಿವೆ. ರಾಮನ್ನರು ಮೊದಲು ವಿಜ್ಞಾನದ ಪ್ರಾಧ್ಯಾಪಕರಾಗಿರಲಿಲ್ಲ; ನಮ್ಮ ಹಾಗೆ ಲೆಕ್ಕಪತ್ರದ ನೌಕರಿಯವರು. ೧೯೦೭ರಲ್ಲಿ ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಗೆ ಸೇರಿದರು. ಅಲ್ಲಿಂದ ರಂಗೂನಿಗೆ ವರ್ಗವಾಯಿತು; ರಂಗೂನಿನಿಂದ ೧೯೧೦ರಲ್ಲಿ ನಾಗಪುರಕ್ಕೆ! ಹೌದು, ನಾವು ಸಂತೆಗೂ ಆಸ್ಪತ್ರೆಗೂ ಬಸ್ಸು ಹತ್ತಿ ಹೋಗುವ ಈ ನಾಗಪುರಕ್ಕೇ. ಮರುವರ್ಷ ಮತ್ತೆ ಕಲ್ಕತ್ತೆ. ಕಚೇರಿಯ ಹೊತ್ತಿನ ಮೊದಲೂ ಆಮೇಲೂ ಪ್ರಯೋಗ ನಡೆಸಿ, ೧೯೧೭ರಲ್ಲಿ ಆ ದೊಡ್ಡ ಸಂಬಳದ ನೌಕರಿಯನ್ನು ಬಿಟ್ಟು ಪ್ರಾಧ್ಯಾಪಕರಾದರು. ೧೯೨೮ರಲ್ಲಿ ರಾಮನ್ ಪರಿಣಾಮ, ೧೯೩೦ರಲ್ಲಿ ನೊಬೆಲ್ ಪಾರಿತೋಷಕ. ೧೯೩೩ರಿಂದ ೧೯೭೦ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರೇ ಅವರ ಊರಾಗಿತ್ತು. ಇದು ಒಂದು ಕಾರಣ.

ಎರಡನೆಯದು, ಅವರೂ ಸದರ್ಲೆಂಡ್ ಎಂಬುವರೂ ಕೂಡಿ ಆ ಗುಮ್ಮಟದಲ್ಲಿ ಕಂಡ ವಿಷಯ. ಗೋಡೆಯಿಂದ ಒಳಕ್ಕೆ ಸರಿಯುತ್ತ ಹೋದರೆ ಧ್ವನಿ ಒಂದೇ ಸಮನೆ ಕಡಿಮೆಯಾಗುವುದಿಲ್ಲ. ಒಂದು ಕಡೆ ಜೋರು, ಒಂದು ಕಡೆ ಮೆಲ್ಲಗೆ, ಹೀಗೆ ಏರಿಳಿಯುತ್ತದೆ. ಎಂದರೆ ಧ್ವನಿ ಅಲ್ಲಿ ಒಂದು ಅಚ್ಚಿನಲ್ಲಿ ಹೊಯ್ದಂತೆ ನೆಲೆನಿಂತಿದೆ. ಈ ಅಚ್ಚೇ ಮೋಡ್.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಗೋಲಗುಮ್ಮಟದ ಒಳಗಿನ ಜಾಗ ಎಷ್ಟು? ಬಹಳ ದೊಡ್ಡದು; ಅಳತೆ ಪಟ್ಟಿ ಹಿಡಿದರೆ ಲೆಕ್ಕ ಸಿಗುತ್ತದೆ. ಆದರೆ ಪಿಸುಮಾತು ಹಿಡಿದ ಜಾಗ ಎಷ್ಟು? ನಟ್ಟನಡುವೆ ಪಿಸುಮಾತಿಲ್ಲ; ಗೋಡೆಯ ಬಳಿ ಬಳೆಯಂಥ ಒಂದು ಪಟ್ಟಿಯಲ್ಲಿ ಮಾತ್ರ ಅದರ ವಾಸ. ಆ ಪಟ್ಟಿಗೆ ಖಚಿತವಾದ ಅಂಚೂ ಇಲ್ಲ. ಹೀಗಿರುವಾಗ ಅದರ ಗಾತ್ರವನ್ನು ಹೇಳುವುದು ಹೇಗೆ?

ನಮ್ಮ ಗೋದಾಮನ್ನು ನೆನೆಯಿರಿ. ಒಂದೇ ಅಳತೆಯ ಹತ್ತು ಕೋಣೆಗಳಿವೆ ಎನ್ನೋಣ. ಹತ್ತಿಯ ಬೇಲುಗಳನ್ನು ಎಲ್ಲ ಕಡೆ ಸಮನಾಗಿ ಒಟ್ಟಿಲ್ಲ. ಮೊದಲ ಕೋಣೆಯಲ್ಲಿ ೧೦, ಆಮೇಲೆ ೨೦, ೪೦, ೮೦, ೧೦೦, ೮೦, ೪೦, ೨೦, ೧೦, ಕೊನೆಯದರಲ್ಲಿ ಏನೂ ಇಲ್ಲ. ಒಟ್ಟು ೪೦೦ ಬೇಲು. ಎಲ್ಲಕ್ಕಿಂತ ಒತ್ತಾಗಿ ತುಂಬಿದ ಕೋಣೆಯಲ್ಲಿ ೧೦೦. ಇರುವ ಮಾಲನ್ನೆಲ್ಲ ಅಷ್ಟೇ ಒತ್ತಾಗಿ ಒಟ್ಟಿದ್ದರೆ ಎಷ್ಟು ಕೋಣೆ ಬೇಕಾಗುತ್ತಿತ್ತು? ೪೦೦ನ್ನು ೧೦೦ರಿಂದ ಭಾಗಿಸಿದರೆ ನಾಲ್ಕು. ಮಾಲು ಒಂಬತ್ತು ಕೋಣೆಗಳಲ್ಲಿ ಚದರಿದ್ದರೂ ಅದರ ನಿಜವಾದ ಹಿಡಿತ ನಾಲ್ಕು ಕೋಣೆಯದು. ನೆಲೆಗಾತ್ರವೆಂದರೆ ಅಕ್ಷರಶಃ ಇದೇ. ಬೇಲಿನ ಬದಲು ಬೆಳಕಿನ ವಿದ್ಯುತ್ ಶಕ್ತಿ. ಕೋಣೆಯ ಬದಲು ಗಣಕಯಂತ್ರ ಮಾಡಿಕೊಂಡ ಚಿಕ್ಕ ಚಿಕ್ಕ ಮನೆಗಳು. ಒಟ್ಟು ಶಕ್ತಿಯನ್ನು ಅತ್ಯಂತ ದಟ್ಟವಾದ ಎಡೆಯ ಸಾಂದ್ರತೆಯಿಂದ ಭಾಗಿಸಿದರೆ ನೆಲೆಗಾತ್ರ.

ಶಬ್ದದ ಮಾತು ಬೆಳಕಿಗೆ ಹೇಗೆ ಬಂತು ಎಂದು ಕೇಳಬಹುದು. ಗಾಜಿನ ಒಂದು ಸಣ್ಣ ಗೋಲಿಯೊಳಗೆ ಬೆಳಕನ್ನು ಓರೆಯಾಗಿ ಬಿಟ್ಟರೆ ಅದು ಹೊರಗೆ ಹೋಗಲಾರದೆ, ಒಳಗೋಡೆಗೆ ತಾಗುತ್ತ ತಾಗುತ್ತ ಸುತ್ತು ಹಾಕುತ್ತದೆ. ಗೋಲಗುಮ್ಮಟದಲ್ಲಿ ಪಿಸುಮಾತು ಮಾಡುವುದನ್ನೇ ಮಾಡುತ್ತದೆ. ಆದ್ದರಿಂದ ಇವಕ್ಕೆ ಜಗತ್ತಿನ ಎಲ್ಲ ಪ್ರಯೋಗಶಾಲೆಗಳಲ್ಲಿಯೂ ಇಂದಿಗೂ 'ಪಿಸುಗುಟ್ಟುವ ಮೊಗಸಾಲೆಯ ಮೋಡ್' ಎಂದೇ ಹೆಸರು. ಸುತ್ತು ಬಂದು ಸೇರಿದಾಗ ಅಲೆಯ ತಲೆಗೆ ತಲೆ ಕೂಡಬೇಕು, ಎಂದರೆ ಸುತ್ತಳತೆಯಲ್ಲಿ ಪೂರ್ಣಸಂಖ್ಯೆಯ ಅಲೆಗಳು ಹಿಡಿಸಬೇಕು. ಆಗ ಮಾತ್ರ ಅದು ನಿಲ್ಲುತ್ತದೆ. ಗೋಲಗುಮ್ಮಟದ ಒಳ ಸುತ್ತಳತೆ ಸುಮಾರು ೩೯೦ ಅಡಿ. ಕ್ಷಣಕ್ಕೆ ೩,೦೦೦ ಸಲ ಕಂಪಿಸುವ ಸಿಳ್ಳಿನ ಅಲೆ ಸುಮಾರು ನಾಲ್ಕೂವರೆ ಅಂಗುಲ. ಹಾಗಾದರೆ ಸುತ್ತಿಗೆ ಸಾವಿರಕ್ಕೂ ತುಸು ಹೆಚ್ಚು ಅಲೆಗಳು. ಮಿಲಿಮೀಟರಿನ ಹತ್ತನೆಯ ಒಂದಂಶ ವ್ಯಾಸದ ಗಾಜಿನ ಗೋಲಿಯಲ್ಲಿ, ದೂರವಾಣಿಯ ಗಾಜಿನ ಎಳೆಗಳಲ್ಲಿ ಹರಿಯುವ ಜಾತಿಯ ಬೆಳಕಾದರೆ, ಸುತ್ತಿಗೆ ಸುಮಾರು ೨೯೦ ಅಲೆಗಳು. ಒಂದು ಆಳೆತ್ತರವನ್ನು ಮೀರಿ ನಿಂತ ರಾಜನ ಕಟ್ಟಡ. ಇನ್ನೊಂದು ಕಣ್ಣಿಗೆ ಬೀಳುವುದೇ ಕಷ್ಟವಾದ ಚುಕ್ಕೆ. ಲೆಕ್ಕ ಮಾತ್ರ ಒಂದೇ ಜಾತಿಯದು.

ಇದರಿಂದ ಪ್ರಯೋಜನವೇನು? ಒಂದು ಗೂಡಿನಲ್ಲಿ ಬೆಳಕು ಎಷ್ಟು ಹೊತ್ತು ಸೋರದೆ ತಾಳುತ್ತದೆ ಎಂಬುದಕ್ಕೆ ಒಂದು ಅಂಕೆಯಿದೆ. ಅದಕ್ಕೆ 'ಕ್ಯೂ' ಎನ್ನುತ್ತಾರೆ. ಎಷ್ಟು ಚಿಕ್ಕ ಜಾಗದಲ್ಲಿ ಅಡಕವಾಗಿದೆ ಎಂಬುದಕ್ಕೆ ನೆಲೆಗಾತ್ರ. ೧೯೪೬ರಲ್ಲಿ ಅಮೆರಿಕದ ಪರ್ಸೆಲ್ ಎಂಬ ವಿಜ್ಞಾನಿ ಒಂದು ಪುಟಕ್ಕಿಂತ ಚಿಕ್ಕದಾದ ಟಿಪ್ಪಣಿಯಲ್ಲಿ ಈ ಎರಡನ್ನೂ ಕೂಡಿಸಿದರು. ಗೂಡಿನೊಳಗಿಟ್ಟ ಒಂದು ಪರಮಾಣು ಹೊರಗಿದ್ದುದಕ್ಕಿಂತ ಎಷ್ಟು ಪಟ್ಟು ಬೇಗ ಬೆಳಕು ಬಿಡುತ್ತದೆ ಎಂಬುದು ಕ್ಯೂವನ್ನು ನೆಲೆಗಾತ್ರದಿಂದ ಭಾಗಿಸಿದುದನ್ನು ಅವಲಂಬಿಸಿದೆ. ಒಂದು ಅಲೆಯುದ್ದದ ಘನವನ್ನೇ ಗಾತ್ರದ ಅಳತೆಗೋಲಾಗಿ ಇಟ್ಟುಕೊಂಡರೆ, ಆ ಭಾಗಲಬ್ಧವನ್ನು ೦.೦೭೬ರಿಂದ ಗುಣಿಸಿದರಾಯಿತು. ಕ್ಯೂ ೧೦,೦೦೦, ನೆಲೆಗಾತ್ರ ಒಂದು ಎಂದಿಟ್ಟುಕೊಳ್ಳಿ, ೭೬೦ ಪಟ್ಟು. ನೆಲೆಗಾತ್ರವನ್ನು ಯಾರಾದರೂ ಕಾಲುಭಾಗ ಎಂದು ತಪ್ಪಾಗಿ ಬರೆದರೆ ಅದೇ ೩,೦೪೦ ಪಟ್ಟಾಗುತ್ತದೆ. ಈ ೭೬೦ ಮತ್ತು ೩,೦೪೦ ಎಂಬ ಅಂಕೆಗಳನ್ನು ದಯಮಾಡಿ ನೆನಪಿನಲ್ಲಿಡಿ.

ಇದು ಕಾಗದದ ಮೇಲಿನ ಚಮತ್ಕಾರ ಮಾತ್ರವಲ್ಲ. ೨೦೦೩ರಲ್ಲಿ ಜಪಾನಿನ ನೋದಾ ಅವರ ತಂಡ ಸಿಲಿಕಾನ್ ಹಾಳೆಯಲ್ಲಿ ಸಾಲು ಸಾಲಾಗಿ ರಂಧ್ರಗಳನ್ನು ಕೊರೆದು, ನಡುವೆ ಕೆಲವನ್ನು ಬಿಟ್ಟು, ಒಂದು ಬೆಳಕಿನ ಗೂಡು ಮಾಡಿತು. ಅದರ ಕ್ಯೂ ೪೫,೦೦೦. ನೆಲೆಗಾತ್ರ ಮಿಲಿಮೀಟರಿನ ಸಾವಿರದ ಒಂದಂಶವನ್ನು ಘನ ಮಾಡಿದರೆ ಬರುವ ಜಾಗದ ನೂರರಲ್ಲಿ ಏಳು ಭಾಗ. ೨೦೦೮ರಲ್ಲಿ ಅಮೆರಿಕದಲ್ಲಿ ಗಾಜಿನ ಗೋಲಿಯ ಪಿಸುಗುಟ್ಟುವ ಮೋಡಿನಿಂದ ಇನ್‌ಫ್ಲುಯೆಂಜಾ ಜ್ವರದ ಒಂದೇ ಒಂದು ವೈರಸ್ ಕಣ ಬಂದು ಕೂತದ್ದನ್ನು ಕಂಡುಹಿಡಿದರು. ಕಣ ಕೂತೊಡನೆ ಗೋಲಿಯ ಸ್ವರ ತುಸು ಇಳಿಯುತ್ತದೆ. ನೆಲೆಗಾತ್ರ ಚಿಕ್ಕದಾದಷ್ಟೂ ಆ ಇಳಿತ ಹೆಚ್ಚು, ಕಣದ ಸುಳಿವು ಸ್ಪಷ್ಟ. ನಮ್ಮ ದೇಶವೂ ೨೦೨೩ರ ಏಪ್ರಿಲಿನಲ್ಲಿ ಕ್ವಾಂಟಮ್ ವಿದ್ಯೆಗೆಂದು ಆರು ಸಾವಿರ ಕೋಟಿ ರೂಪಾಯಿಗೆ ಮಿಕ್ಕಿದ ರಾಷ್ಟ್ರೀಯ ಯೋಜನೆಗೆ ಮಂಜೂರಾತಿ ಕೊಟ್ಟಿತು. ಒಂದೊಂದೇ ಬೆಳಕಿನ ಕಣವನ್ನು ಬೇಕೆಂದಾಗ ಹೊರಡಿಸುವುದು ಆ ವಿದ್ಯೆಯ ಬಲು ಬೇಡಿಕೆಯ ಕೆಲಸ. ಅಲ್ಲಿಯೂ ಈ ಲೆಕ್ಕವೇ ಬೇಕು.

ಇನ್ನು ಗಣಕಯಂತ್ರ ಈ ಕೆಲಸವನ್ನು ಮಾಡುವ ಕ್ರಮ. ೧೯೬೬ರಲ್ಲಿ ಕೇನ್ ಯೀ ಎಂಬುವರು ಒಂದು ಉಪಾಯ ತೋರಿಸಿದರು. ಜಾಗವನ್ನೆಲ್ಲ ಚೌಕಳಿ ಬಟ್ಟೆಯಂತೆ, ಆದರೆ ಮೂರು ದಿಕ್ಕಿಗೂ, ಚಿಕ್ಕ ಚಿಕ್ಕ ಮನೆಗಳಾಗಿ ಭಾಗಿಸುವುದು. ಪ್ರತಿ ಮನೆಯ ಅಂಚುಗಳ ಮೇಲೆ ವಿದ್ಯುತ್ ಕ್ಷೇತ್ರದ ಅಂಕೆ, ಮುಖಗಳ ಮೇಲೆ ಕಾಂತಕ್ಷೇತ್ರದ ಅಂಕೆ. ಒಂದು ಸಲ ಇದನ್ನು ನೋಡಿ ಅದನ್ನು ತಿದ್ದುವುದು, ಮತ್ತೊಂದು ಸಲ ಅದನ್ನು ನೋಡಿ ಇದನ್ನು ತಿದ್ದುವುದು. ಮಗ್ಗದಲ್ಲಿ ಹಾಸು ಮೇಲೆ ಕೆಳಗೆ ಆದಂತೆ ಹೊಕ್ಕು ಸಾಗುತ್ತದಲ್ಲ, ಹಾಗೆ ಕಾಲ ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯುತ್ತದೆ.

ಕೆಲಸದ ಮೊತ್ತವನ್ನು ನಾವೇ ಹಾಕಿ ನೋಡಬಹುದು. ಮೂರು ಮೈಕ್ರಾನ್ ಉದ್ದ, ಅಗಲ, ಎತ್ತರದ ಒಂದು ಪೆಟ್ಟಿಗೆ. ಒಂದು ಮನೆಯ ಬದಿ ೨೦ ನ್ಯಾನೋಮೀಟರ್, ಎಂದರೆ ಮಿಲಿಮೀಟರಿನ ಐವತ್ತು ಸಾವಿರದ ಒಂದಂಶ. ಒಂದು ದಿಕ್ಕಿಗೆ ೧೫೦ ಮನೆ, ಒಟ್ಟು ೩೩,೭೫,೦೦೦. ಮನೆಗೆ ಆರು ಅಂಕೆಗಳಂತೆ ಎರಡು ಕೋಟಿ ಎರಡೂವರೆ ಲಕ್ಷ ಅಂಕೆಗಳು. ಬೆಳಕು ಒಂದು ಸಲ ಏರಿಳಿಯುವಷ್ಟರಲ್ಲಿ ಯಂತ್ರ ಕನಿಷ್ಠ ಸುಮಾರು ೧೩೪ ಹೆಜ್ಜೆ ಇಡಬೇಕು. ಒಂದೊಂದು ಹೆಜ್ಜೆಗೂ ಅಂಕೆಗಳನ್ನೆಲ್ಲ ತಿದ್ದಬೇಕು. ಇನ್ನೂ ನಯವಾಗಲಿ ಎಂದು ಮನೆಯ ಬದಿಯನ್ನು ಅರ್ಧ ಮಾಡಿದರೆ ಮನೆಗಳು ಎಂಟರಷ್ಟು, ಹೆಜ್ಜೆಗಳು ಎರಡರಷ್ಟು, ದುಡಿಮೆ ಹದಿನಾರರಷ್ಟು. ಹೀಗಿದ್ದರೂ ಮೊದಲ ಲೆಕ್ಕ ಇಂದಿನ ಸಾಧಾರಣ ಕಂಪ್ಯೂಟರಿನ ನೆನಪಿನಲ್ಲಿ ಸುಖವಾಗಿ ಹಿಡಿಸುತ್ತದೆ. ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ 'ಮೀಪ್' ಎಂಬ ತಂತ್ರಾಂಶ ಇದಕ್ಕೆಂದೇ ಇದೆ. ಅದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಪಡೆದು ಬಳಸಬಹುದು. ನೆಲೆಗಾತ್ರವನ್ನು ಹೇಳು ಎನ್ನುವ ಒಂದು ಅಪ್ಪಣೆಯೂ ಅದರಲ್ಲಿ ಸಿದ್ಧವಾಗಿದೆ.

ಕ್ರಮ ಹೀಗೆ. ಮೊದಲು ಗೂಡಿನೊಳಗೆ ಒಂದು ಬೆಳಕಿನ ಹೊಡೆತ ಕೊಟ್ಟು ಬಿಡುವುದು, ಗಂಟೆ ಬಾರಿಸಿದಂತೆ. ಗದ್ದಲವೆಲ್ಲ ಸೋರಿಹೋದ ಮೇಲೆ ಉಳಿಯುವ ಸ್ವರ ಯಾವುದು, ಅದು ಎಷ್ಟು ಹೊತ್ತು ತಾಳುತ್ತದೆ ಎಂದು ನೋಡುವುದು. ಎರಡನೆಯ ಸಲ ಆ ಒಂದೇ ಸ್ವರವನ್ನು ಎಬ್ಬಿಸಿ, ಎಬ್ಬಿಸಿದ ಮೂಲವನ್ನು ಆರಿಸಿ, ಒಳಗೆ ಉಳಿದ ಕ್ಷೇತ್ರವನ್ನು ಬರೆದುಕೊಳ್ಳುವುದು. ಪ್ರತಿ ಮನೆಯಲ್ಲಿಯೂ ಕ್ಷೇತ್ರದ ವರ್ಗವನ್ನು ಆ ವಸ್ತುವಿನ ಗುಣಾಂಕದಿಂದ ಗುಣಿಸಿ, ಮನೆಯ ಗಾತ್ರದಿಂದ ಗುಣಿಸಿ, ಎಲ್ಲವನ್ನೂ ಕೂಡಿಸುವುದು. ಅತಿ ದೊಡ್ಡ ಸಾಂದ್ರತೆಯನ್ನು ಹುಡುಕಿ ಭಾಗಿಸುವುದು. ಮುಗಿಯಿತು.

ಮುಗಿಯಿತು ಎಂದೆನಾದರೂ ನಿಜವಾದ ಎಚ್ಚರ ಶುರುವಾಗುವುದು ಇಲ್ಲಿಂದಲೇ. ಯಂತ್ರ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ; ಕೇಳಿದ್ದು ಸರಿಯೇ ಎಂದು ನೋಡುವ ಹೊಣೆ ಮನುಷ್ಯನದು. ತಾಳೆ ನೋಡಬೇಕಾದ ಸ್ಥಳಗಳನ್ನು ಒಂದೊಂದಾಗಿ ಹೇಳುತ್ತೇನೆ.

ಒಂದು, ಹೊತ್ತು. ಗೂಡಿನಲ್ಲಿ ಶಕ್ತಿ ಒಮ್ಮೆ ವಿದ್ಯುತ್ತಾಗಿ, ಒಮ್ಮೆ ಕಾಂತವಾಗಿ, ಉಯ್ಯಾಲೆಯಂತೆ ಅತ್ತಿತ್ತ ಹೋಗುತ್ತಿರುತ್ತದೆ. ವಿದ್ಯುತ್ ಭಾಗ ಸೊನ್ನೆಯ ಹತ್ತಿರವಿರುವ ಗಳಿಗೆಯಲ್ಲಿ ಲೆಕ್ಕ ಹಿಡಿದರೆ ಉಳಿದ ಕಸಕಡ್ಡಿಯ ಲೆಕ್ಕ ಸಿಗುತ್ತದೆಯೇ ಹೊರತು ಮೋಡಿನದಲ್ಲ. ಆದ್ದರಿಂದ ಏರಿಳಿತದ ಪೂರ್ಣ ಎತ್ತರವನ್ನೇ ತೆಗೆದುಕೊಳ್ಳಬೇಕು.

ಎರಡು, ಸುತ್ತುವ ಬೆಳಕು ಮತ್ತು ನಿಂತ ಬೆಳಕು. ಗುಂಡಗಿನ ಗೂಡಿನಲ್ಲಿ ಬೆಳಕು ಬಲಕ್ಕೂ ಸುತ್ತಬಹುದು, ಎಡಕ್ಕೂ ಸುತ್ತಬಹುದು. ಒಂದೇ ಕಡೆಗೆ ಸುತ್ತಿದರೆ ಸುತ್ತಲೂ ಸಮನಾಗಿ ಹರಡಿರುತ್ತದೆ. ಎರಡೂ ಕೂಡಿದರೆ ಗಂಟುಗಂಟಾಗಿ ನಿಲ್ಲುತ್ತದೆ. ಆಗ ಸರಾಸರಿ ತುಂಬುವಿಕೆ ಗಂಟಿನ ತುಂಬುವಿಕೆಯ ಅರ್ಧ, ನೆಲೆಗಾತ್ರವೂ ಅರ್ಧ. ಎರಡು ಅಂಕೆಗಳೂ ಸರಿಯೇ. ಯಾವುದರದು ಎಂದು ಬರೆಯದೆ ಹೋದರೆ ಮಾತ್ರ ಎರಡೂ ತಪ್ಪು.

ಮೂರು, ಅತಿ ದೊಡ್ಡದು ಎಂಬ ಅಂಕೆ. ಗೂಡಿನಲ್ಲಿ ಲೋಹದ ಚೂಪಾದ ಮೂಲೆಯಿದ್ದರೆ ಕ್ಷೇತ್ರ ಅಲ್ಲಿಗೆ ಮುಗಿಬೀಳುತ್ತದೆ. ಮನೆಗಳನ್ನು ಸಣ್ಣ ಮಾಡಿದಷ್ಟೂ ಆ ಮೂಲೆಯ ಅಂಕೆ ಬೆಳೆಯುತ್ತಲೇ ಹೋಗುತ್ತದೆ. ಭಾಜಕ ಬೆಳೆದಂತೆ ನೆಲೆಗಾತ್ರ ಕುಗ್ಗುತ್ತ ಹೋಗುತ್ತದೆ. ನೋಡುವವರಿಗೆ ಮಹಾ ಸಾಧನೆ ಎನಿಸುತ್ತದೆ. ಒಳಗೆ ನೋಡಿದರೆ ಒಂದು ಮನೆಯ ಅಂಕೆ ಮಾತ್ರ ಉಬ್ಬಿದೆ. ಇಂಥಲ್ಲಿ ಮೂಲೆಯನ್ನು ನಿಜವಾದ ವಸ್ತುವಿನಲ್ಲಿರುವಂತೆ ತುಸು ಉರುಟು ಮಾಡಬೇಕು. ಇಲ್ಲವೆ ಪರಮಾಣು ಕೂರುವ ಜಾಗದ ಅಂಕೆಯಿಂದಲೇ ಭಾಗಿಸಬೇಕು. ಲೋಹದೊಳಗಿನ ಶಕ್ತಿಯ ಸೂತ್ರವೂ ಗಾಜಿನದಲ್ಲ, ಬೇರೆ. ಗಾಜಿನ ಸೂತ್ರವನ್ನು ಲೋಹಕ್ಕೆ ಹಚ್ಚಿದರೆ ಋಣ ಶಕ್ತಿಯೆಂಬ ಅಸಂಗತ ಬರುತ್ತದೆ.

ನಾಲ್ಕು, ಎಲ್ಲಕ್ಕಿಂತ ದೊಡ್ಡದು, ಎಲ್ಲೆ. ಎಲ್ಲಿಯವರೆಗೆ ಕೂಡಿಸಬೇಕು? ಗೂಡು ಸೋರುತ್ತದೆ, ಸೋರಿದ ಬೆಳಕು ಪೆಟ್ಟಿಗೆಯ ಅಂಚಿಗೆ ಬಂದು ಮರಳಿ ಒಳಗೆ ಬರಬಾರದೆಂದು ಸುತ್ತ ಒಂದು ಹೀರುವ ಪದರ ಹಾಕುತ್ತಾರೆ. ೧೯೯೪ರಲ್ಲಿ ಫ್ರಾನ್ಸಿನ ಬೆರೆಂಜೆ ಇದರ ಒಳ್ಳೆಯ ಬಗೆಯನ್ನು ಕೊಟ್ಟರು. ಆ ಪದರದೊಳಗಿನ ಕ್ಷೇತ್ರ ನಾವು ಕಟ್ಟಿದ್ದು, ನಿಸರ್ಗದ್ದಲ್ಲ. ಅದನ್ನು ಈ ಸಾದಾ ಮೊತ್ತಕ್ಕೆ ಸೇರಿಸಬಾರದು. ಪದರದ ಒಳಗಿನದನ್ನು ಬಿಟ್ಟು, ಉಳಿದುದನ್ನು ಕೂಡಿಸಿದರೆ ಸಾಕೆ? ಸಾಲದು. ಪೆಟ್ಟಿಗೆಯನ್ನು ದೊಡ್ಡದು ಮಾಡಿದಷ್ಟೂ ಮೊತ್ತ ಬೆಳೆಯುತ್ತದೆ.

ಇದಕ್ಕೆ ನಮ್ಮೂರ ಕೆರೆಯನ್ನು ದೃಷ್ಟಾಂತ ಕೊಡುತ್ತೇನೆ. ಕೆರೆ ತುಂಬಿದಾಗ ತೂಬು ತೆರೆದಿರಿ. ನೀರು ಕಾಲುವೆಯಲ್ಲಿ ಹರಿಯುತ್ತದೆ. ಕೆರೆ ಇಳಿದಂತೆ ತೂಬಿನ ರಭಸವೂ ಇಳಿಯುತ್ತದೆ. ಈಗ ಕಾಲುವೆಯ ಉದ್ದಕ್ಕೂ ನಡೆಯಿರಿ. ತೂಬಿನ ಬಳಿ ಇರುವುದು ಈಗ ಹೊರಟ ನೀರು, ಕೆರೆ ಇಳಿದ ಮೇಲಿನದು. ಎರಡು ಹರದಾರಿ ಆಚೆ ಇರುವುದು ಮುಂಚೆ ಹೊರಟದ್ದು, ಕೆರೆ ತುಂಬಿದ್ದಾಗಿನದು. ಆದ್ದರಿಂದ ದೂರ ಹೋದಷ್ಟೂ ಹರಿವು ಹೆಚ್ಚು! ಸೋರುವ ಗೂಡಿನ ಬೆಳಕೂ ಹೀಗೆಯೇ. ದೂರದ ಬೆಳಕು ಗೂಡು ತುಂಬಿದ್ದಾಗ ಹೊರಟದ್ದು. ಎಷ್ಟು ದೂರ ಲೆಕ್ಕ ಹಿಡಿದರೂ ಮೊತ್ತ ನಿಲ್ಲುವುದಿಲ್ಲ. ಕೆರೆಯ ನೀರೆಷ್ಟು ಎಂದು ಕೇಳಿದರೆ ಕಾಲುವೆಯ ನೀರನ್ನೂ ಸೇರಿಸಿ ಹೇಳಿದಂತಾಗುತ್ತದೆ.

ತೂಬು ಸೂಜಿಯ ರಂಧ್ರದಷ್ಟಿದ್ದರೆ, ಎಂದರೆ ಕ್ಯೂ ಬಹಳ ದೊಡ್ಡದಾದರೆ, ಈ ತೊಡಕು ಲೆಕ್ಕಕ್ಕಿಲ್ಲ. ಪೆಟ್ಟಿಗೆಯನ್ನು ಸ್ವಲ್ಪ ಹಿಗ್ಗಿಸಿದರೂ ಅಂಕೆ ಅಲುಗದು. ನೋದಾ ಅವರ ಗೂಡಿನಂಥದಕ್ಕೆ ಹಳೆಯ ಸೂತ್ರವೇ ಸಾಕು. ಬೇಗ ಸೋರುವ ಗೂಡಿಗೆ, ಮುಖ್ಯವಾಗಿ ಲೋಹದವುಗಳಿಗೆ, ಸಾಲದು. ಇದನ್ನು ನೇರ್ಪಡಿಸುವ ದಾರಿಗಳನ್ನು ೨೦೧೨ರಲ್ಲಿ ಕ್ರಿಸ್ಟೆನ್ಸೆನ್ ಮತ್ತು ಸಂಗಡಿಗರು, ೨೦೧೩ರಲ್ಲಿ ಸೊವಾನ್ ಮತ್ತು ಸಂಗಡಿಗರು ತೋರಿಸಿದರು. ಕ್ಷೇತ್ರದ ಗಾತ್ರವನ್ನು ಮಾತ್ರವಲ್ಲದೆ ಅದರ ಏರಿಳಿತದ ಹಂತವನ್ನೂ ಹಿಡಿದು ಕೂಡಿಸಿದರೆ, ಎಲ್ಲೆಯ ಮೇಲಿನ ಸೋರಿಕೆಗೆ ತಕ್ಕ ಜಮಾ-ಖರ್ಚು ಹಾಕಿದರೆ, ಮೊತ್ತ ಎಲ್ಲೆಯನ್ನು ಅವಲಂಬಿಸದೆ ನಿಲ್ಲುತ್ತದೆ. ಪರ್ಸೆಲ್ ೧೯೪೬ರಲ್ಲಿ ಬರೆದ ಸೂತ್ರದ ಒಂದು ಅಕ್ಷರದ ಅರ್ಥ ಸೋರುವ ಗೂಡುಗಳ ಮಟ್ಟಿಗೆ ಖಚಿತವಾಗಲು ಅರುವತ್ತೈದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು ಎಂಬುದನ್ನು ಗಮನಿಸಬೇಕು.

ಐದನೆಯದನ್ನು ನಮ್ಮಲ್ಲೇ ನಡೆದ ಒಂದು ಸಂಗತಿಯಿಂದ ಹೇಳುತ್ತೇನೆ. ನೂಲು ಖಾತೆಯ ಒಬ್ಬ ಹಿರಿಯರ ಮಗಳು ಎಂ.ಎಸ್ಸಿ. ಓದುತ್ತಾಳೆ; ಸಂಜೆ ಇಲ್ಲಿಗೆ ಬಂದು ಓದಿಕೊಳ್ಳುತ್ತಾಳೆ. ಅವಳ ಪ್ರಬಂಧದ ವಿಷಯವೇ ಈ ನೆಲೆಗಾತ್ರ. ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ವಿಚಾರಿಸಿದೆ. 'ಅಣ್ಣಾರ, ಅದೇ ಗೂಡು, ಅದೇ ಯಂತ್ರ, ಎರಡು ಉತ್ತರ ಬಂದಾವ. ಯಾವುದು ಖರೆ ಅಂತ ಹ್ಯಾಂಗ ತಿಳೀಬೇಕು? ಗೈಡ್ ಸಾಹೇಬರು, ಚಲೋ ಕಾಣೋ ಅಂಕಿ ಹಾಕಿ ಮುಗಿಸು ಅಂದ್ರು' ಎಂದಳು. ಚೆನ್ನಾಗಿ ಕಾಣುವ ಅಂಕೆ ಎಂದರೆ ಚಿಕ್ಕದು. ಪ್ರಬಂಧ ಒಪ್ಪಿಸಲು ಹದಿನೈದು ದಿನ ಉಳಿದಿತ್ತು. ಅದು ಹೋದರೆ ವರ್ಷ ಹೋಗುತ್ತದೆ. ಮನೆಯಲ್ಲಿ ಇನ್ನೊಂದು ವರ್ಷದ ಶುಲ್ಕಕ್ಕೆ ಹಣವಿಲ್ಲ.

ನನಗೆ ಅವಳ ಭೌತಶಾಸ್ತ್ರ ತಿಳಿಯದು. ಆದರೆ ನಮ್ಮ ಕಟ್ಟಳೆ ಒಂದಿದೆ. ಕಿರ್ದಿಗೂ ಖತಾವಣಿಗೂ ವ್ಯತ್ಯಾಸ ಬಂದರೆ ಮೊದಲು ವ್ಯತ್ಯಾಸವನ್ನೇ ಪರೀಕ್ಷಿಸಬೇಕು. ಅದು ಎರಡರಿಂದ ಸರಿಯಾಗಿ ಭಾಗವಾದರೆ ಜಮೆಯ ರಕಮು ಖರ್ಚಿನ ಕಡೆಗೆ ಬಿದ್ದಿರಬಹುದು. ಒಂಬತ್ತರಿಂದ ಭಾಗವಾದರೆ ಅಂಕೆಗಳು ಅದಲುಬದಲಾಗಿರಬಹುದು. 'ತಂಗಿ, ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡು' ಎಂದೆ. ಭಾಗಿಸಿದಳು. ನಾಲ್ಕು ಬಂತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಿಸರ್ಗದ ತೊಡಕು ಇಷ್ಟು ಉರುಟಾದ ಅಂಕೆಯಲ್ಲಿ ಬರುವುದು ಅಪರೂಪ. ಇದು ಬರವಣಿಗೆಯ ತೊಡಕಿರಬೇಕು ಎಂದು ಇಬ್ಬರಿಗೂ ಹೊಳೆಯಿತು. ಅವಳೇ ಹಿಂದಕ್ಕೆ ಹುಡುಕುತ್ತ ಹೋಗಿ ಹಿಡಿದಳು. ಗೂಡು ಎಡಬಲಕ್ಕೂ ಹಿಂದುಮುಂದಕ್ಕೂ ಒಂದೇ ಸಮ ಇರುವುದರಿಂದ, ಎರಡನೆಯ ಸಲ ಯಂತ್ರದ ದುಡಿಮೆ ಉಳಿಸಲು ಕಾಲುಭಾಗವನ್ನಷ್ಟೇ ಇಟ್ಟು ಎರಡು ಕಡೆ ಕನ್ನಡಿ ಎಲ್ಲೆ ಹಾಕಿದ್ದಳು. ಕಡತಕ್ಕೆ ಬಂದ ಅಂಕೆಗಳನ್ನು ತಾನೇ ಕೂಡಿಸಿದ್ದಳು. ಮೊತ್ತ ಕಾಲುಭಾಗದ್ದು, ಅತಿ ದೊಡ್ಡ ಅಂಕೆ ಮಾತ್ರ ಪೂರ್ತಿಯದೇ. ನಾಲ್ಕರಿಂದ ಗುಣಿಸುವುದು ಬಿಟ್ಟುಹೋಗಿತ್ತು. ಗೋದಾಮಿನ ಒಂದು ಕಾಲುಭಾಗವನ್ನು ಎಣಿಸಿ ಇಡೀ ಗೋದಾಮಿನ ಶಿಲ್ಕೆಂದು ಬರೆದ ಹಾಗೆ.

ಅವಳು ದೊಡ್ಡ ಅಂಕೆಯನ್ನೇ ಬರೆದಳು. ಜೊತೆಗೆ ಪೆಟ್ಟಿಗೆಯ ಅಳತೆ, ಮನೆಯ ಬದಿ, ಕನ್ನಡಿಗಳ ಸಂಖ್ಯೆ, ಪೆಟ್ಟಿಗೆಯನ್ನು ಹಿಗ್ಗಿಸಿದಾಗ ಅಂಕೆ ಎಷ್ಟು ಅಲುಗಿತು ಎಂಬ ಒಂದು ತಃಖ್ತೆಯನ್ನೂ ಸೇರಿಸಿದಳು. ಪ್ರಬಂಧ ಹೊತ್ತಿಗೆ ಸರಿಯಾಗಿ ಒಪ್ಪಿಸಿಯಾಯಿತು. ಅಂಕಗಳು ಎಷ್ಟು ಬರುತ್ತವೋ ಬರಲಿ. ಆಗ ನೆನಪಿಡಿ ಎಂದೆನಲ್ಲ, ೭೬೦ ಮತ್ತು ೩,೦೪೦. ಆ ವ್ಯತ್ಯಾಸ ಇದೇ. ಚಿಕ್ಕ ಅಂಕೆಯನ್ನು ನಂಬಿ ಮುಂದೆ ಯಾರೋ ಒಬ್ಬರು ಹಣ ಸುರಿದು ಗೂಡು ಕೊರೆಸುತ್ತಿದ್ದರು. ಬೆಳಕು ನಾಲ್ಕರ ಒಂದು ಪಾಲು ಬಂದಾಗ ಕೊರೆದವನ ಕೈಯನ್ನು ದೂರುತ್ತಿದ್ದರು. ಗಿರಣಿಯಲ್ಲಿ ಇಂಥದು ನಾವು ಕಾಣದ್ದೇ? ಮೇಲಿನ ಕಾಗದದಲ್ಲಿ ತಪ್ಪಿದ ಲೆಕ್ಕಕ್ಕೆ ಕೆಳಗಿನ ಮಗ್ಗದವನು ಬೈಗುಳ ತಿನ್ನುತ್ತಾನೆ.

ಮಹನೀಯರೆ, ನಾವು ಊರು ಬಿಟ್ಟು ಬಂದ ಜನ. ನಾಗಪುರ-ಭಂಡಾರಾ ರಸ್ತೆಯ ಈ ಊರಿನಲ್ಲಿ ದುಡಿಯುತ್ತೇವೆ. ಅತ್ತ ಕಡೆ ೨,೩೨೦ ಮೆಗಾವಾಟಿನ ವಿದ್ಯುತ್ ಸ್ಥಾವರದ ಹೊಗೆಗೊಳವೆಗಳು ಕಾಣುತ್ತವೆ. ದೊಡ್ಡ ಯಂತ್ರಗಳು ನಮಗೆ ಹೊಸವಲ್ಲ. ಆದರೆ ಅವ್ಯಾವುವೂ ನಮ್ಮ ಮಕ್ಕಳಿಗೆ ಎಟುಕುವಂಥವಲ್ಲ. ಈ ತಂತ್ರಾಂಶ ಎಟುಕುತ್ತದೆ. ಅದಕ್ಕೆ ಬೇಕಾದದ್ದು ಒಂದು ಸಾಧಾರಣ ಕಂಪ್ಯೂಟರು, ಬಿಡುವು, ಮತ್ತು ಗೊತ್ತಿರುವವರ ಒತ್ತಾಸೆ. ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ, ಬೀದಿಯಲ್ಲಿ ಮಾತು ಮರಾಠಿಯಲ್ಲಿ. ಸಂದೇಹವನ್ನು ಕನ್ನಡದಲ್ಲಿ ಕೇಳಲು ಮಕ್ಕಳಿಗೆ ಇರುವ ಎಡೆ ಈ ವಾಚನಾಲಯ ಒಂದೇ. ಸಂದೇಹ ತನ್ನ ಮಾತಿನಲ್ಲಿ ಹೊರಬಿದ್ದರೆ ಅರ್ಧ ಬಗೆಹರಿದಂತೆ.

ಆದ್ದರಿಂದ ನನ್ನದೊಂದು ಸೂಚನೆ. ತಿಂಗಳಿಗೆ ಒಂದು ಭಾನುವಾರ, ವಿಜ್ಞಾನ ಓದುವ ಮಕ್ಕಳೂ ಲೆಕ್ಕ ಬರೆಯುವ ನಾವೂ ಇಲ್ಲಿ ಕೂತು, ಅವರ ಅಂಕೆಗಳನ್ನು ತಾಳೆ ನೋಡೋಣ. ವಿಜ್ಞಾನ ಅವರು ಹೇಳಲಿ. ಮೊತ್ತ ಎಲ್ಲಿಂದ ಶುರುವಾಯಿತು, ಎಲ್ಲಿ ನಿಂತಿತು, ಯಾವುದರಿಂದ ಭಾಗಿಸಿದಿರಿ ಎಂದು ನಾವು ಕೇಳೋಣ. ಉತ್ತರ ಬರದಿದ್ದರೆ ಅಂಕೆಯನ್ನು ಬರೆಯುವುದು ಬೇಡ. ಅಧ್ಯಕ್ಷರು ಒಪ್ಪಿದರೆ ಮುಂದಿನ ತಿಂಗಳಿಂದಲೇ ಆರಂಭಿಸಬಹುದು. ಹೆಸರು ಕೊಡುವವರಿಗಾಗಿ ಮೇಜಿನ ಮೇಲೆ ಒಂದು ವಹಿ ಇಟ್ಟಿದೆ.